ನೆಲೋಗಿ, ಬೆಳಗಿನ ಎಂಟೂವರೆ

ಅಫಜಲಪುರ ತಾಲೂಕಿನ ಒಂದೂರಿನ ಪಂಚಾಯಿತಿ ಮಾಳಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಹಳೆಯ ಟೂತ್‌ಬ್ರಷ್ಷಿನಿಂದ ಪಾರಿವಾಳದ ಹಿಕ್ಕೆ ಕೆರೆಯುತ್ತಿದ್ದಾಗ ದೇವಾನಂದನಿಗೆ ತಂಗಿಯ ಫೋನು ಬಂತು. ಎದುರಿಗೆ ಕಂಬಕ್ಕೆ ಬಿಗಿದ ಬಿಳಿ ಡಬ್ಬಿ, ಡಬ್ಬಿಯ ಮೇಲೆ ಲಾಳಿಕೆ, ಲಾಳಿಕೆಯ ಬಾಯಿಗೆ ಜಾಳಿಗೆ. ಮೇಲಿಂದ ಬಿದ್ದ ಮಳೆ ಜಾಳಿಗೆಯಲ್ಲಿ ಇಳಿದು ಒಳಗಿನ ಪುಟ್ಟ ಬಟ್ಟಲು ತುಂಬುತ್ತದೆ. ಬಟ್ಟಲು ಮಗುಚಿದಾಗಲೆಲ್ಲ ಒಂದೊಂದು ಎಣಿಕೆ ಎಲ್ಲಿಯದೋ ಕಂಪ್ಯೂಟರಿಗೆ ಹೋಗುತ್ತದೆ. ಆ ಎಣಿಕೆ ನೋಡಿ ಊರಿನವರಿಗೆ ಬೆಳೆವಿಮೆ ಕೊಡಬೇಕೋ ಬೇಡವೋ ಎಂದು ಯಾರೋ ತೀರ್ಮಾನಿಸುತ್ತಾರೆ. ಅಫಜಲಪುರ, ಆಳಂದ, ಜೇವರ್ಗಿ, ಮೂರು ತಾಲೂಕು ಸೇರಿ ಇಂಥ ಅರವತ್ತೆರಡು ಡಬ್ಬಿಗಳಿವೆ. ಅವನ್ನು ತೊಳೆದು, ಒರೆಸಿ, ಫೋಟೋ ತೆಗೆದು ಕಂಪನಿಗೆ ಕಳಿಸುವುದು ಹವಾಮಾನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ದೇವಾನಂದನ ನೌಕರಿ. ಹನ್ನೊಂದು ತಿಂಗಳಿಗೊಮ್ಮೆ ಅದು ಮುಗಿಯುತ್ತದೆ. ಒಂದು ತಿಂಗಳು ಉಸಿರು ಬಿಗಿಹಿಡಿದು ಕೂತರೆ ಮತ್ತೆ ಶುರುವಾಗುತ್ತದೆ. ಊರೂರಿನ ಪಂಚಾಯಿತಿಗಳಲ್ಲಿ ಅವನಿಗೆ ಡಬ್ಬಿ ಸಾಹೇಬ ಎಂದು ಹೆಸರು. ನೆಲೋಗಿಯ ಮನೆಯಲ್ಲಿ ಮಾತ್ರ ಅವನು ಸೆಂಟ್ರಲ್ ಗೌರ್ಮೆಂಟಿನ ಮಳೆ ಸಾಹೇಬ.

“ಅಣ್ಣ, ಹನ್ನೊಂದಕ್ಕ ಜೇವರ್ಗಿ ಬ್ಯಾಂಕಿಗೆ ಬರ್ತೀಯಲ್ಲ? ಪಗಾರದ ಚೀಟಿ ಮರೀಬ್ಯಾಡ. ಅವ್ವನೂ ಸಾಲಿ ಅಡಗಿ ಕೆಲಸಕ್ಕ ರಜಾ ಹಾಕಿ ಬರಾಕತ್ಯಾಳ” ಎಂದಳು ಪಂಚಶೀಲಾ.

“ಬರ್ತೇನಿ.”

“ಗಾಳಿ ಸಪ್ಪಳ ಕೇಳಾಕತ್ತದಲ್ಲ, ಎಲ್ಲಿದ್ದೀ?”

“ಕಲಬುರಗಿ ಆಫೀಸಿನ್ಯಾಗ. ಫ್ಯಾನ್ ಅದು.”

ಫೋನಿಟ್ಟ ಮೇಲೆ ಅವನಿಗೆ ತನ್ನ ಮೇಲೇ ನಗು ಬಂತು. ಮೂವತ್ಮೂರು ವರ್ಷದ ಮನುಷ್ಯ, ಆಷಾಢದ ಗಾಳಿಯನ್ನು ಫ್ಯಾನು ಮಾಡಿಬಿಟ್ಟ. ಹಾಗೆ ನೋಡಿದರೆ ಮೊದಲನೆಯ ಸುಳ್ಳು ಅವನು ಹೇಳಿದ್ದೇ ಅಲ್ಲ, ತಿದ್ದದೆ ಬಿಟ್ಟದ್ದು. ಆರು ವರ್ಷದ ಹಿಂದೆ ನೌಕರಿ ಸಿಕ್ಕಿತೆಂದು ಫೋನು ಮಾಡಿದಾಗ ಅವ್ವ “ಮಳಿದ ಆಫೀಸಿನ್ಯಾಗೇನೋ?” ಎಂದಿದ್ದಳು, ಅವನು “ಹೂಂ” ಎಂದಿದ್ದ. ಅಷ್ಟೇ. ಆ ಒಂದು ಹೂಂಕಾರಕ್ಕೆ ಅವ್ವ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಅಕ್ಕಿ ಆರಿಸುತ್ತ ಕೈಕಾಲು ಮೂಡಿಸಿದಳು, ದಿಲ್ಲಿಯ ತನಕ ನಡೆಸಿದಳು. ಪುಣೆಯಲ್ಲಿ ಗೌಂಡಿ ಕೆಲಸ ಮಾಡುವ ಅಪ್ಪ ತನ್ನ ಜೊತೆಯವರಿಗೆಲ್ಲ ಹೇಳಿ ಅದನ್ನು ಮತ್ತಷ್ಟು ಗಟ್ಟಿ ಮಾಡಿದ. ಈಗ ಅದು ಗಿಲಾವು ಮಾಡಿ ಸುಣ್ಣ ಹಚ್ಚಿದ ಗೋಡೆಯಂತೆ ನಿಂತಿದೆ, ಕೆಡವುವುದಕ್ಕೆ ಅವನಿಗೆ ಧೈರ್ಯವಿಲ್ಲ. ತಂಗಿಗೂ ಅವನು ಓದಿದ ವಿಶ್ವವಿದ್ಯಾಲಯದಲ್ಲೇ, ಅದೇ ಎಂ.ಎಸ್ಸಿ.ಗೆ ಸೀಟು ಸಿಕ್ಕು ಹತ್ತು ದಿನವಾಗಿತ್ತು. ಇವತ್ತು ಸಾಲದ ಅರ್ಜಿ ಕೊಟ್ಟರೆ ಮುಂದಿನ ಸೋಮವಾರದ ಗಡುವಿನೊಳಗೆ ಫೀ ಮುಟ್ಟುತ್ತದೆ. ಅರ್ಜಿಗೆ ಅಣ್ಣನ ಪಗಾರದ ಚೀಟಿ ಬೇಕೆಂದು ಅವಳು ಮೊದಲ ದಿನವೇ ಹೇಳಿದ್ದಳು. ಚೀಟಿಯಲ್ಲಿ ಅವನ ಹೆಸರಿನ ಮುಂದೆ ‘ಫೀಲ್ಡ್ ಟೆಕ್ನಿಷಿಯನ್, ಗುತ್ತಿಗೆ’ ಎಂದಿತ್ತು. ಹತ್ತು ದಿನದಿಂದ ಅದು ಅವನ ಅಂಗಿಯ ಜೇಬಿನಲ್ಲಿ ಬೆವರು ಕುಡಿಯುತ್ತ ಕೂತಿತ್ತು.

ಕೆಳಗಿಳಿದಾಗ ಪಂಚಾಯಿತಿಯವರು ಚಹಾ ಕೊಟ್ಟರು. ತಮ್ಮದು ಗಾಜಿನ ಗ್ಲಾಸಿನಲ್ಲಿ, ಅವನದು ಕಾಗದದ ಕಪ್ಪಿನಲ್ಲಿ. ಹಿಕ್ಕೆ ಮುಟ್ಟಿದ ಕೈ ಅಂತಲೋ, ಅವನ ಓಣಿ ಯಾವುದೆಂದು ಗೊತ್ತಿದ್ದುದಕ್ಕೋ, ಕೇಳುವ ಹಾಗಿಲ್ಲ. ಕುಡಿದು ಕಪ್ಪು ಮಡಚಿ ಜೇಬಿಗೇ ಹಾಕಿಕೊಂಡು ಬಸ್ಸು ಹತ್ತಿದ.

ಬಸ್ಸು ಘತ್ತರಗಿಯಲ್ಲಿ ನಿಂತು ಭಾಗ್ಯವಂತಿಯ ದರ್ಶನ ಮುಗಿಸಿದವರನ್ನು ತುಂಬಿಕೊಂಡಿತು. ಕುಂಕುಮ, ತೆಂಗಿನಕಾಯಿ, ಒದ್ದೆ ಸೀರೆಗಳ ವಾಸನೆ. ಕಿಟಕಿಯಾಚೆ ಭೀಮೆಯ ಮೇಲೆ ಸಣ್ಣ ಸಣ್ಣ ಮೋಡಗಳು ಹುಟ್ಟುತ್ತಿದ್ದವು. ಇಷ್ಟು ಹೊತ್ತಿಗೇ ಇಷ್ಟು ಬೆಳೆದಿವೆ ಅಂದರೆ ಮಧ್ಯಾಹ್ನ ಮೂರಕ್ಕೆ ಏನೋ ಇದೆ ಎಂದುಕೊಂಡ. ಪಕ್ಕದಲ್ಲಿ ಕೂತ ಮುದುಕ ನಿದ್ದೆ ಹೋಗಿದ್ದ. ಯಾರಿಗೆ ಹೇಳುವುದು? ಎಂ.ಎಸ್ಸಿ. ಓದಿದ, ಸಮುದ್ರದ ದಂಡೆಯ ಆ ಊರಿನಲ್ಲಿ ಎರಡು ವರ್ಷ ಅವನು ಬೆಳಿಗ್ಗೆ ಐದಕ್ಕೆ ಎದ್ದು ಗೆಳೆಯರೊಂದಿಗೆ ಹವಾಮಾನದ ಬಲೂನು ಹಾರಿಬಿಡುತ್ತಿದ್ದ. ಆಳೆತ್ತರದ ಬಿಳಿ ಬಲೂನು ಕೈಯಿಂದ ಜಾರಿ ಮೇಲೇರುವಾಗ ಆರೂ ಮಂದಿ ಕತ್ತು ಮೇಲೆ ಮಾಡಿ, ಒಬ್ಬರ ಹೆಗಲು ಒಬ್ಬರು ಹಿಡಿದು ನಿಲ್ಲುತ್ತಿದ್ದರು. ಮೆಸ್ಸಿನಲ್ಲಿ ಅನ್ನ ಕಲಸುತ್ತ ಮೋಡದ ಮೇಲೆ ಜಗಳ, ಎಷ್ಟು ಹೊತ್ತಿಗೆ ಸುರಿಯುತ್ತದೆಂದು ಚಹಾದ ಪಂದ್ಯ. ಡಿಗ್ರಿ ಕೊಟ್ಟದ್ದೇನು ಎಂದು ಯಾರಾದರೂ ಕೇಳಿದರೆ ಅವನಿಗೆ ನೆನಪಾಗುವುದು ಅದೇ. ಡಿಗ್ರಿ ಕಸಿದುಕೊಂಡದ್ದೇನು ಎಂದರೂ ಅದೇ, ಏಕೆಂದರೆ ಆ ಮಾತು, ಆ ಜೊತೆ ಇಲ್ಲದೆ ಬದುಕುವುದು ಮೊದಲು ಅವನಿಗೆ ಕಷ್ಟವೇ ಆಗಿರಲಿಲ್ಲ. ಈಗ ಮೂರು ತಾಲೂಕಿನಲ್ಲಿ ಅವನ ಮಾತು ತಿಳಿಯುವವರು ಒಬ್ಬರೂ ಇಲ್ಲ. ‘ಮಳಿ ಬರ್ತದೇನ್ರೀ ಸಾಹೇಬ್ರ?’ ಎಂದು ಕೇಳುತ್ತಾರೆ, ಅವನು ಬಾಯಿ ತೆರೆಯುವುದರೊಳಗೆ ಫೋನು ತೆಗೆದು ತಾವೇ ನೋಡಿಕೊಳ್ಳುತ್ತಾರೆ.

ಒಬ್ಬಳಿದ್ದಳು, ತಂಗಿ. ಪರೀಕ್ಷೆ ಮುಗಿಸಿ ಊರಿಗೆ ಬರುವಾಗ ಲ್ಯಾಬಿನಿಂದ ಒಂದು ಅಳತೆಗಾಜನ್ನು ಟವೆಲ್ಲಿನಲ್ಲಿ ಸುತ್ತಿ ಕದ್ದು ತಂದಿದ್ದ. ಹನ್ನೆರಡು ವರ್ಷದ ಪಂಚಶೀಲಾ ಅದನ್ನು ಕೇಳಿದಳು. ಅಪ್ಪ ಹಿತ್ತಲಲ್ಲಿ ಸಿಮೆಂಟಿನ ಪುಟ್ಟ ಕಟ್ಟೆ ಕಟ್ಟಿಕೊಟ್ಟ, ಅವನು ಅದರ ಮೇಲೆ ಲಾಳಿಕೆ ಕೂಡಿಸಿದ. “ದೇಶದಾಗೆಲ್ಲಾ ಮಳಿ ಅಳಿಯೋದು ಮುಂಜಾನೆ ಎಂಟೂವರಿಗೆ. ನೀನೂ ಎಂಟೂವರಿಗೇ ನೋಡಬೇಕು. ಮಳಿ ಆಗದ ದಿನಾ ಸೊನ್ನಿ ಬರೀಬೇಕು, ಖಾಲಿ ಬಿಡಬಾರದು. ಖಾಲಿ ಬಿಟ್ಟಿ ಅಂದ್ರ ಅವತ್ತ ಯಾರೂ ನೋಡಿಲ್ಲಂತ ಅರ್ಥ” ಎಂದು ಹೇಳಿಕೊಟ್ಟಿದ್ದ. ಒಂಬತ್ತು ವರ್ಷದಿಂದ ಅವಳು ನೋಡುತ್ತಿದ್ದಾಳೆ. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗಲೂ ನೆಲೋಗಿಯಿಂದಲೇ ಓಡಾಡಿದಳು, ಎಂಟೂವರೆಗೆ ನೋಡಿಯೇ ಬಸ್ಸು ಹಿಡಿಯುತ್ತಿದ್ದುದರಿಂದ ಮೊದಲನೆಯ ಕ್ಲಾಸು ಅವಳಿಗೆ ಯಾವತ್ತೂ ಸಿಕ್ಕಿದ್ದಿಲ್ಲ. ಅಳೆದು, ನೋಟುಬುಕ್ಕಿಗೆ ಬರೆದು, ಅವನಿಗೆ ಒಂದು ಸಾಲಿನ ಮೆಸೇಜು ಕಳಿಸುತ್ತಾಳೆ. ಇವತ್ತು ಬಂದದ್ದು, ಮಿಲಿಮೀಟರಿನಲ್ಲಿ: ‘ನೆಲೋಗಿ. 6.4.’ ಬೆಳಗಿನ ಆ ಒಂದು ಸಾಲಿಗಾಗಿ ಅವನು ಯಾವ ಮಾಳಿಗೆಯ ಮೇಲಿದ್ದರೂ ಕಾಯುತ್ತಾನೆ ಎಂಬುದು ಅವಳಿಗೆ ಗೊತ್ತಿಲ್ಲ.

ಅದಕ್ಕೇ ಅವನಿಗೆ ತನ್ನ ಮೇಲೆ ನಂಬಿಕೆಯಿಲ್ಲ. ಹೋಗಬೇಡ ಎಂದರೆ ಅವಳ ಒಳ್ಳೆಯದಕ್ಕೋ, ತನ್ನ ಚೀಟಿ ಮುಚ್ಚಿಡುವುದಕ್ಕೋ? ಹೋಗು ಎಂದರೆ ಅವಳ ಬುದ್ಧಿಗೆ ತಕ್ಕ ವಿದ್ಯೆಯೆಂದೋ, ಮೋಡದ ಮಾತಾಡುವುದಕ್ಕೆ ತನಗೊಬ್ಬರು ಬೇಕೆಂದೋ? ಓದಿಗೆ ಎರಡು ವರ್ಷ, ಮೂರು ಲಕ್ಷ ಸಾಲ. ಆಮೇಲೆ? ಬಲೂನು ಬಿಡುತ್ತಿದ್ದ ಆ ಆರು ಮಂದಿಯಲ್ಲಿ ಒಬ್ಬ ವಿಮಾನ ನಿಲ್ದಾಣದಲ್ಲಿ ಹವಾಮಾನದ ಅಧಿಕಾರಿ, ಒಬ್ಬಳು ಜರ್ಮನಿಯಲ್ಲಿ, ಇಬ್ಬರು ಬ್ಯಾಂಕು ಸೇರಿದರು, ಒಬ್ಬ ಮಾವನ ಬಟ್ಟೆ ಅಂಗಡಿಯಲ್ಲಿ ಕೂತ. ಆರನೆಯವನು ಹಿಕ್ಕೆ ಕೆರೆಯುತ್ತಾನೆ. ಇದರಲ್ಲಿ ವಿದ್ಯೆಯ ತಪ್ಪೆಷ್ಟು, ತನ್ನ ತಪ್ಪೆಷ್ಟು? ಇಲಾಖೆಯ ಪರೀಕ್ಷೆಯಲ್ಲಿ ಒಮ್ಮೆ ಎರಡು ಅಂಕಕ್ಕೆ ಸೋತ ಮೇಲೆ ಮತ್ತೆ ಅರ್ಜಿ ಕರೆದಾಗ ಅವನು ಹಾಕಲೇ ಇಲ್ಲ. ಓದಿದ್ದೆಲ್ಲ ಮರೆತಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಮರೆತಿರಲಿಲ್ಲ, ಸೋಲಿಗೆ ಹೆದರಿದ್ದ, ಅಷ್ಟೇ.

ಇನ್ನೊಂದಿತ್ತು. ಎರಡು ಮಳೆಗಾಲದ ಹಿಂದೆ, ವಿಮಾನ ನಿಲ್ದಾಣದ ಗೆಳೆಯ ಯೂನಿಫಾರ್ಮಿನ ಫೋಟೋ ಹಾಕಿದ ದಿನ, ಆಳಂದ ತಾಲೂಕಿನ ಒಂದೂರಿನ ಮಾಳಿಗೆ ಹತ್ತಲು ಇವನಿಗೆ ಮನಸ್ಸೇ ಬರಲಿಲ್ಲ. ಏಣಿಯ ಕೆಳಗೇ ನಿಂತು ಹಿಂದಿನ ತಿಂಗಳ ಫೋಟೋವನ್ನೇ ಕಳಿಸಿ ಬಂದ. ಲಾಳಿಕೆಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಊರಿನ ಹಳ್ಳ ಸೇತುವೆ ಮೀರಿ ಹರಿದರೂ ಡಬ್ಬಿ ಇಪ್ಪತ್ತು ದಿನ ಸೊನ್ನೆ ಕಳಿಸಿತು, ಇಡೀ ಊರಿಗೆ ಬರಗಾಲದ ವಿಮೆ ಬಂತು. ಪಂಚಾಯಿತಿ ಸದಸ್ಯ ಸೈದಪ್ಪ ಅವನನ್ನು ಮನೆಗೆ ಕರೆದು, ಅವತ್ತು ಮಾತ್ರ ಸ್ಟೀಲಿನ ತಟ್ಟೆಯಲ್ಲಿ, ಹೋಳಿಗೆ ತುಪ್ಪ ಬಡಿಸಿದ. ಹೊರಡುವಾಗ ಕಿವಿಯ ಹತ್ತಿರ ಬಂದು, “ಸಾಹೇಬ್ರ, ಮುಂದಿನ ವರ್ಷನೂ ಹಂಗೇ ಸ್ವಲ್ಪ ಮರೀರಿ. ಗುಬ್ಬಿ ಪಾಪ, ಎಲ್ಲಿ ಹೋಗಬೇಕ್ರಿ” ಎಂದ. ಅವನೂ ನಕ್ಕ. ಆ ಊರಲ್ಲಿ ಆ ದಿನಗಳಲ್ಲಿ ಮಳೆ ಎಷ್ಟಾಯಿತೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಯಾರೂ ನೋಡದೆ ಬರೆದ ಸೊನ್ನೆ ಅದು, ಅವನ ಹೆಸರಿನಲ್ಲಿದೆ.

ಬ್ಯಾಂಕಿನ ಮುಂದಿನ ಬೇವಿನ ಮರದ ಕೆಳಗೆ ತಾಯಿ ಮಗಳು ನಿಂತಿದ್ದರು. ಅವ್ವ ಮದುವೆ ಮನೆಗೆ ಉಡುವ ನೀಲಿ ಸೀರೆ ಉಟ್ಟಿದ್ದಳು. ಬಂದವನೇ ಅವನು, ದಮ್ಮು ಕಟ್ಟಿ ಓಡಿಬಂದವನ ಹಾಗೆ, ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ಸುರಿದುಬಿಟ್ಟ.

“ಪಂಚಶೀಲಾ, ಇದು ಬ್ಯಾಡ. ಬಿ.ಎಡ್. ಮಾಡು. ಮಾಸ್ತರಿಕಿ ಅಂದ್ರ ಇವತ್ತಿಲ್ಲ ನಾಳೆ ಕರೀತಾರ. ಇದರಾಗ ದೇಶಕ್ಕೆಲ್ಲಾ ಬೆರಳೆಣಿಕಿ ಜಾಗಾ. ಅವಕ್ಕೂ ಫಿಜಿಕ್ಸ್ ಮಂದಿ, ಕಂಪ್ಯೂಟರ್ ಮಂದಿ ಬಂದು ಕೂಡ್ತಾರ.”

“ನೀ ಕೂತೀಯಲ್ಲ ಅಣ್ಣ?”

“ನನ್ನ ಟೈಮ್ ಬ್ಯಾರೆ ಇತ್ತು.”

“ನಾ ಎಲ್ಲಾ ನೋಡೀನಿ. ಇಲಾಖೆ ಒಂದೇ ಅಲ್ಲ, ವಿಮಾನ ನಿಲ್ದಾಣ ಅದ, ಗಾಳಿ ಕರೆಂಟಿನ ಕಂಪನಿ ಅವ, ವಿಮಾ ಕಂಪನ್ಯಾಗೂ ತಗೋತಾರಂತ.”

ವಿಮಾ ಕಂಪನಿ ಎಂದಾಗ ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಉಗುರಿನ ಸಂದಿಯಲ್ಲಿ ಬೆಳಗಿನ ಹಿಕ್ಕೆಯ ಬಿಳಿ ಇನ್ನೂ ಇತ್ತು.

ಅವ್ವ ಇಬ್ಬರ ಮುಖವನ್ನೂ ನೋಡಿದಳು. “ಅಂವಗ ಒಳಗಿಂದೆಲ್ಲಾ ಗೊತ್ತಿರ್ತದ ಬೇ. ಅಷ್ಟು ದೊಡ್ಡ ಆಫೀಸಿನ್ಯಾಗ ಇದ್ದಾಂವಾ ಸುಮ್ನ ಹೇಳ್ತಾನೇನು?”

ಪಂಚಶೀಲಾ ಫೈಲನ್ನು ಎದೆಗೆ ಒತ್ತಿಕೊಂಡು, “ಬಂದೇವಿ ಅಂದಮ್ಯಾಲ ಒಮ್ಮೆ ಕೇಳೇರ ಹೋಗೂಣು” ಎಂದು ಒಳಗೆ ನಡೆದಳು. ಅವಳ ಬೆನ್ನು ನೋಡುತ್ತ ಅವನಿಗೆ ತಾನು ಗೆಲ್ಲುತ್ತಿದ್ದೇನೆ ಅನ್ನಿಸಿತು. ಅದಕ್ಕೆ ಹೇಸಿಗೆಯೂ ಆಯಿತು.

ಸಾಲದ ಟೇಬಲ್ಲಿನಲ್ಲಿ ಶಾಹೀನ ಎಂಬ ಅಧಿಕಾರಿ ಇದ್ದಳು, ಅವನಿಗಿಂತ ಚಿಕ್ಕವಳು, ಕಣ್ಣಿಗೆ ದಪ್ಪ ಕನ್ನಡಕ. ಫೈಲು ತಿರುವಿ, “ಅಪ್ಪ ಅವ್ವ ಇಬ್ಬರೊಳಗ ಒಬ್ಬರು ಜಾಮೀನಾದ್ರ ಸಾಕ್ರಿ. ಅಣ್ಣನ ಪಗಾರದ ಚೀಟಿ ಬ್ಯಾಡ. ಯಾರ್ ಹೇಳಿದ್ರು ನಿಮಗ?” ಎಂದಳು. ಬಿಸಿಯೂಟದ ಗೌರವಧನ ಜಮಾ ಆಗುವ ಅವ್ವನ ಪಾಸ್‌ಬುಕ್ಕೇ ಸಾಕಾಯಿತು. ಜೇಬಿಗೆ ಹೋಗಿದ್ದ ದೇವಾನಂದನ ಕೈ ಅಲ್ಲೇ ನಿಂತಿತು. ಹತ್ತು ದಿನ ನಿದ್ದೆಗೆಡಿಸಿದ ಚೀಟಿ ಯಾರಿಗೂ ಬೇಡವಾಗಿತ್ತು. ಈಗ ಸುಮ್ಮನಿದ್ದರೆ ಮುಗಿಯಿತು, ಅವನು ಸಾಹೇಬನಾಗಿಯೇ ಉಳಿಯುತ್ತಾನೆ, ಅವಳು ಅವನಂತೆಯೇ ಆಗುವುದಕ್ಕೆ ಹೊರಡುತ್ತಾಳೆ. ಬೇವರ್ಸಿ ಖುಷಿಯೊಂದು ಎದ್ದು ಬಂತು.

“ಈ ಕೋರ್ಸ್ ನಾ ಕೇಳೇ ಇಲ್ಲ” ಎಂದಳು ಶಾಹೀನ, ಪೆನ್ನು ಹಿಡಿದು. “ಮುಗದ ಮ್ಯಾಲ ಏನ್ ನೌಕ್ರಿ ಸಿಗ್ತದಂತ ಇಲ್ಲಿ ಬರೀಬೇಕವ್ವ. ಏನಂತ ಬರೀಲಿ?”

“ಇದೇ ಕೋರ್ಸ್ ನಮ್ಮಣ್ಣ ಮಾಡ್ಯಾನ್ರಿ” ಎಂದಳು ಪಂಚಶೀಲಾ. ಮರದ ಕೆಳಗೆ ಅವನಾಡಿದ ಮಾತು ಅವಳಿಗೆ ತಟ್ಟೇ ಇರಲಿಲ್ಲ ಎಂಬಂತೆ ಅವಳ ಮುಖ ಬೆಳಗುತ್ತಿತ್ತು. ಅವ್ವ ಸೀರೆಯ ಸೆರಗು ಸರಿ ಮಾಡಿಕೊಂಡು, “ಮಳಿ ಆಫೀಸಿನ್ಯಾಗ ಸಾಹೇಬ ಇದ್ದಾನ್ರಿ, ಸೆಂಟ್ರಲ್ ಗೌರ್ಮೆಂಟು” ಎಂದು ಸೇರಿಸಿದಳು.

“ಹೌದೇನ್ರಿ? ಹಂಗಾದ್ರ ನೀವೇ ಹೇಳ್ರಿ ಸರ್.”

ಮೂವರು ಹೆಂಗಸರೂ ಅವನನ್ನು ನೋಡಿದರು. ಮೇಲೆ ಫ್ಯಾನು ತಿರುಗುತ್ತಿತ್ತು, ಇದು ನಿಜವಾದ ಫ್ಯಾನು. ಹೇಳಬೇಕೆಂದು ಅವನು ನಿರ್ಧರಿಸಿದ್ದಲ್ಲ. ಆ ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿತ್ತು, ತಾಗಿದರೆ ಇನ್ನೊಂದು ಸುಳ್ಳು ಎಣಿಕೆ ಅವನ ಹೆಸರಿನಲ್ಲಿ ಸೇರುತ್ತಿತ್ತು.

“ನಾ ಸಾಹೇಬ ಅಲ್ರಿ” ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. “ಪಂಚಾಯ್ತಿ ಮಾಳಿಗಿ ಮ್ಯಾಲ ಮಳಿ ಅಳಿಯೋ ಡಬ್ಬಿ ಇರ್ತಾವಲ್ರಿ, ಅವನ್ನ ತೊಳೀತೇನಿ. ಗುತ್ತಿಗಿ ಮ್ಯಾಲ. ಆರು ವರ್ಷ ಆತು. ಹತ್ತನೇ ಪಾಸಾದವ್ರೂ ಮಾಡೋ ಕೆಲಸ ಅದು. ನಂಗ ಅಷ್ಟೇ ಸಿಕ್ಕದ.” ಚೀಟಿ ತೆಗೆದು, ಯಾರೂ ಕೇಳದಿದ್ದರೂ, ಟೇಬಲ್ಲಿನ ಮೇಲಿಟ್ಟ. ಬೆಳಗಿನ ಕಾಗದದ ಕಪ್ಪೂ ಅದರ ಜೊತೆ ಬಂದುಬಿಟ್ಟಿತು. ಅದನ್ನು ಮತ್ತೆ ಜೇಬಿಗೆ ತುರುಕಿದ.

ಅವ್ವ ಚೀಟಿಯತ್ತ ನೋಡಲಿಲ್ಲ. ಓದಲು ಅವಳಿಗೆ ಬರುತ್ತಿರಲಿಲ್ಲ. ಅವಳು ಅವನ ಕೈಗಳನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಪಂಚಶೀಲಾ ಚೀಟಿಯನ್ನು ಓದಿ, ಮಡಿಕೆ ಹೇಗಿತ್ತೋ ಹಾಗೆಯೇ ಮಡಚಿ ಅವನ ಕಡೆ ಸರಿಸಿದಳು.

“ಮೋಡದ ಬಗ್ಗೆ ನನಗ ಕಲಿಸಿದ್ದು? ಅದೂ ಸುಳ್ಳೇನು?”

“ಅದು ಖರೇ.”

“ಇಲಾಖೆ ಪರೀಕ್ಷಾ ಎಷ್ಟ ಸಲ ಬರದಿ?”

“ಒಮ್ಮೆ.”

“ಒಮ್ಮೆ!” ಎಂದಳು. ಅದರಲ್ಲಿ ಸಿಟ್ಟಿತ್ತು, ಇಷ್ಟು ವರ್ಷದಲ್ಲಿ ಅವಳು ಅವನ ಮೇಲೆ ತೋರಿಸಿದ ಮೊದಲ ಸಿಟ್ಟು. ಶಾಹೀನ ಪೆನ್ನು ಕೆಳಗಿಟ್ಟು ಮೆಲ್ಲಗೆ, “ನೋಡವ್ವ, ನೌಕ್ರಿ ಸಿಕ್ರೂ ಸಿಗದಿದ್ರೂ ಸಾಲ ತೀರಿಸೋದಂತೂ ತಪ್ಪಂಗಿಲ್ಲ. ಇನ್ನೊಂದ್ಸಲ ವಿಚಾರ ಮಾಡ್ತೀ?” ಎಂದಳು.

“ಮಾಡೀನ್ರಿ. ಡಬ್ಬಿ ತೊಳ್ಯಾಕ ಹಚ್ಚಿದ್ರ ತೊಳ್ದು ತೀರಸ್ತೇನಿ. ಪರೀಕ್ಷಾ ಮಾತ್ರ ಒಮ್ಮೆ ಬರದು ಬಿಡಂಗಿಲ್ಲ.” ಅವನ ಕಡೆ ತಿರುಗದೆ ಹೇಳಿದಳು. “ಅವ್ವ, ಸಹಿ ಮಾಡು.”

ಅವ್ವ ಪೆನ್ನು ತೆಗೆದುಕೊಂಡಳು. ಸಹಿ ಮಾಡುವುದನ್ನು ಅವಳಿಗೆ ಕಲಿಸಿದವನು ಅವನೇ, ಪಿ.ಯು.ಸಿ. ರಜೆಯಲ್ಲಿ, ಕೈಹಿಡಿದು. ಕಸ್ತೂರಿಬಾಯಿ ಎಂದು ಬರೆಯುವಾಗ ಸ್ತೂ ಹತ್ತಿರ ಪ್ರತಿ ಸಲವೂ ನಿಂತು ಅವನ ಮುಖ ನೋಡುತ್ತಿದ್ದಳು, ಅವನು ತಲೆಯಾಡಿಸಿದ ಮೇಲೆ ಮುಂದೆ ಹೋಗುತ್ತಿದ್ದಳು. ಇವತ್ತೂ ಅಲ್ಲಿ ನಿಂತಳು. ತಲೆ ಎತ್ತಲಿಲ್ಲ. ತಾನೇ ಬರೆದು ಮುಗಿಸಿದಳು.

ಬಸ್‌ಸ್ಟ್ಯಾಂಡಿನಲ್ಲಿ ನೆಲೋಗಿಯ ಹೆಂಗಸೊಬ್ಬಳು ಸಿಕ್ಕು, “ಕಸ್ತೂರಕ್ಕ, ಇಂವಾ ನಿಮ್ಮ ಮಗ ಅಲ್ಲೇನು? ದಿಲ್ಯಾಗ ಇರಾಂವಾ?” ಎಂದು ಕೇಳಿದಳು. ಅವ್ವನ ಬಾಯಿ ರೂಢಿಯಂತೆ ತೆರೆದುಕೊಂಡಿತು. ಆಮೇಲೆ, “ಹೂಂ, ಮಗ” ಎಂದಳು, ಅಷ್ಟೇ ಹೇಳಿ ಬಸ್ಸಿನ ಬೋರ್ಡು ನೋಡತೊಡಗಿದಳು. ಪಂಚಶೀಲಾ ಹತ್ತುವಾಗ ಒಮ್ಮೆ ಹಿಂತಿರುಗಿ ನೋಡಿದಳು. ಬಸ್ಸು ಹೋಯಿತು. ಮರುದಿನ ಅವನು ತೊಳೆಯಬೇಕಿದ್ದ ಡಬ್ಬಿಗಳು ಆಳಂದ ತಾಲೂಕಿನಲ್ಲಿದ್ದವು. ಕಲಬುರಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು.

ಮೂರರ ಸುಮಾರಿಗೆ ಪಶ್ಚಿಮದಲ್ಲಿ ಮೋಡ ಎದ್ದಿತು. ಬುಡ ಕರಿ, ಮೇಲೆ ಹೂಕೋಸಿನಂತೆ ಗಂಟುಗಂಟಾಗಿ ಉಕ್ಕಿ, ತುದಿಯಲ್ಲಿ ಚಪ್ಪಟೆಯಾಗಿ ಹರಡಿತು. ನೆಲೋಗಿಯ ಕಡೆಗೇ ಇತ್ತು. ಬೆಳಿಗ್ಗೆ ಭೀಮೆಯ ಮೇಲೆ ಅವನು ಕಂಡದ್ದು ಸರಿಯಾಗಿತ್ತು, ಗಳಿಗೆಯೂ ತಪ್ಪಿರಲಿಲ್ಲ. ಸುತ್ತ ನೂರು ಮಂದಿ, ಒಬ್ಬರೂ ಮೇಲೆ ನೋಡುತ್ತಿರಲಿಲ್ಲ. ಅಳು ಬರುವಷ್ಟು ಚೆಂದವಿತ್ತು. ತಡೆಯಲಾರದೆ ತಂಗಿಗೆ ಫೋನು ಮಾಡಿದ. ಎತ್ತಿದವಳು ಅವ್ವ.

“ಏನು?”

“ಏನಿಲ್ಲವ್ವ. ದೊಡ್ಡ ಮಳಿ ಬರ್ತದ. ಹೊರಗಿಂದೆಲ್ಲಾ ಲಗೂನ ಒಳಗ ತಗೊಳ್ರಿ.”

ಆರು ವರ್ಷ ಅವನು ಇಷ್ಟು ಹೇಳಿದರೆ ಸಾಕಿತ್ತು. ಅವ್ವ ಓಣಿಗೆಲ್ಲ ಕೂಗಿ ಹೇಳಿ, ಹಪ್ಪಳ, ಕುಳ್ಳು, ಪಕ್ಕದ ಮನೆಯವರ ಹಾಸಿಗೆಯನ್ನೂ ಒಳಗೆ ಹಾಕಿಸುತ್ತಿದ್ದಳು. ಈಗ ಕೇಳಿದಳು:

“ಖರೇ ಹೇಳಾಕತ್ತೀಯೇನೋ?”

“ಖರೇ ಅವ್ವ.”

ಅವಳು ಇಟ್ಟುಬಿಟ್ಟಳು. ಮೋಡ ಇನ್ನೂ ಎತ್ತರಕ್ಕೆ ಬೆಳೆಯಿತು. ಜೇವರ್ಗಿಯಲ್ಲಿ ಒಂದು ಹನಿ ಬೀಳಲಿಲ್ಲ. ಅಲ್ಲಿ ಏನಾಯಿತೆಂದು ಕೇಳಲು ಅವನು ಮತ್ತೆ ಫೋನು ಮಾಡಲಿಲ್ಲ.

ಮರುದಿನ ಆಳಂದ ತಾಲೂಕಿನ ಮಟಕಿಯ ಹತ್ತಿರದ ಊರಿನ ಮಾಳಿಗೆಯ ಮೇಲೆ ಎಂಟೂವರೆಗೆ ಅವನು ಬ್ರಷ್ಷು ಕೆಳಗಿಟ್ಟು ಫೋನು ಹಿಡಿದು ಕೂತ. ಎಂಟು ಮೂವತ್ತೈದು. ಎಂಟು ನಲವತ್ತು. ಒಂಬತ್ತು ವರ್ಷದಲ್ಲಿ ಇಷ್ಟು ತಡವಾದದ್ದಿಲ್ಲ. ಇವತ್ತು ಖಾಲಿ ಎಂದುಕೊಂಡ. ಇನ್ನು ಯಾವತ್ತೂ ಖಾಲಿಯೇ. ಹಕ್ಕಿಯೊಂದು ಲಾಳಿಕೆಯ ಅಂಚಿಗೆ ಬಂದು ಕೂತು ಅವನನ್ನು ನೋಡಿ ಹಾರಿತು. ಎಂಟು ಐವತ್ತೆರಡಕ್ಕೆ ಫೋನು ಅಲುಗಿತು.

‘ನೆಲೋಗಿ. 0.0. ಅವ್ವ ಹಪ್ಪಳ ಒಳಗ ಇಟ್ಟಿದ್ಳು.’